ಫ್ರಿಜ್ಜಮ್ಮನ ಬಿಸಿನೀರು

ಅವರ ವ್ಯಾನು ನಮ್ಮ ಗೇಟಿನ ಮುಂದೆ ನಿಲ್ಲುವ ಮೊದಲೇ ಅವರ ಮಾತು ಜಗಲಿ ಹತ್ತಿರುತ್ತಿತ್ತು. "ಸಿಸ್ಟರೇ, ಕಾಫಿ ಇಡಿ, ನಾನು ಬಂದೆ!" ಬರುತ್ತೇನೆಂದ ಹೊತ್ತಿಗೆ ಅವರು ಒಮ್ಮೆಯೂ ಬಂದವರಲ್ಲ. ಬೆಳಿಗ್ಗೆ ಎಂದರೆ ಮಧ್ಯಾಹ್ನ, ಮಧ್ಯಾಹ್ನ ಎಂದರೆ ನಾಳೆ. ಆಸ್ಪತ್ರೆಯ ವಾರ್ಡುಗಳಲ್ಲಿ ಗಡಿಯಾರ ನೋಡಿ ಔಷಧ ಕೊಟ್ಟು, ಗಡಿಯಾರ ನೋಡಿ ಹಾಸಿಗೆ ಬದಲಿಸಿ ನಿವೃತ್ತಳಾದ ನನಗೆ ಇದು ಸಹಿಸುವಂಥ ಗುಣವಾಗಿರಲಿಲ್ಲ. ಆದರೂ ಸಹಿಸಿದೆ. ಯಾಕೆ ಸಹಿಸಿದೆ ಎಂಬುದನ್ನು ಬರೆಯಲು ಕೂತಿದ್ದೇನೆ.

ಕಳೆದ ತಿಂಗಳು ಅವರು ತೀರಿಕೊಂಡರು. ಮಡಿಕೇರಿ ಪೇಟೆಯ ಒಂದು ಇಳಿಜಾರಿನ ಗಲ್ಲಿಯಲ್ಲಿ ಅವರ ರಿಪೇರಿ ಅಂಗಡಿ ಇತ್ತು. ಮೊದಲು ಫ್ರಿಜ್ಜು, ಆಮೇಲೆ ಏ.ಸಿ., ಈಚೆಗೆ ಹೋಂಸ್ಟೇಗಳು ಹೆಚ್ಚಿದ ಮೇಲೆ ಹೀಟ್ ಪಂಪ್. ವ್ಯಾನಿನ ಎರಡು ಕಡೆಯೂ ತಮ್ಮ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡಿದ್ದರು, ಆದರೆ ಆ ಹೆಸರಿನಿಂದ ಅವರನ್ನು ಕರೆದವರನ್ನು ನಾನು ಕಾಣೆ. ಊರಿಗೆಲ್ಲ ಅವರು ಫ್ರಿಜ್ಜಮ್ಮ. ಸ್ಥೂಲ ದೇಹ, ಗಟ್ಟಿ ದನಿ, ಚೂಡಿದಾರದ ಮೇಲೆ ಗಂಡಸರ ಖಾಕಿ ಅಂಗಿ, ಕಿವಿಯಲ್ಲಿ ಭಾರದ ಚಿನ್ನದ ಓಲೆ. ಓಲೆ ಯಾಕೆ, ಯಂತ್ರಕ್ಕೆ ಸಿಕ್ಕಿಕೊಂಡರೆ ಎಂದು ಕೇಳಿದ್ದಕ್ಕೆ, "ಗಿರಾಕಿ ಮೊದ್ಲು ಓಲೆ ನೋಡ್ತಾನೆ ಸಿಸ್ಟರೇ, ಆಮೇಲೆ ಕೆಲಸ ನೋಡ್ತಾನೆ" ಎಂದಿದ್ದರು. ಆದರೆ ಯಂತ್ರದ ಮುಚ್ಚಳ ಬಿಚ್ಚುವ ಮೊದಲು ಎರಡೂ ಓಲೆ ಬಿಚ್ಚಿ ಖಾಕಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳುತ್ತಿದ್ದರು.

ಅವರು ನಮ್ಮ ಮನೆಗೆ ಬಂದದ್ದು ನನ್ನ ಅಕ್ಕನ ಉಸಿರಿನ ಕಾರಣಕ್ಕೆ. ಅಕ್ಕ ಕೇರಳದ ಗಡಿಯಂಚಿನ ಕರಿಕೆಯಲ್ಲಿ ಹುಟ್ಟಿ ಅಲ್ಲಿಯೇ ಬಾಳಿದವಳು. ಎಷ್ಟೋ ವರ್ಷ ಸೌದೆ ಒಲೆಯ ಮುಂದೆ ಕೂತು ಎದೆಯ ತುಂಬ ಹೊಗೆ ತುಂಬಿಕೊಂಡಿದ್ದಳು. ಭಾವ ಹೋದ ಮೇಲೆ ಮಡಿಕೇರಿ ಹೊರಗಿನ ನನ್ನ ಮನೆಗೆ ಬಂದಳು. ಆ ವರ್ಷ ಚಳಿ ಶುರುವಾಗುತ್ತಲೇ ಉಸಿರು ಕಟ್ಟಿ ಆಸ್ಪತ್ರೆ ಸೇರಿದಳು. ಮನೆಗೆ ಕಳಿಸುವ ಕೆಲವು ದಿನ ಮೊದಲೇ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಹೊಗೆ ಸೋಕಬಾರದು, ಮೈಗೆ ಚಳಿ ಹತ್ತಬಾರದು, ಇನ್ನೊಮ್ಮೆ ಹೀಗಾದರೆ ಕಷ್ಟ. "ಕಷ್ಟ" ಎಂಬ ಮಾತಿನ ಅರ್ಥ ನನಗೆ ಗೊತ್ತು. ಅದನ್ನು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ.

ನಮ್ಮ ಬಚ್ಚಲು ಅಂಗಳದ ಆಚೆ ಬದಿಗೆ. ಹಂಡೆಯ ಒಲೆ ಹಚ್ಚಿದರೆ ಹೊಗೆ ನೇರ ಅಕ್ಕನ ಕೋಣೆಗೆ ನುಗ್ಗುತ್ತಿತ್ತು. ಗೀಸರಿನ ನೀರು ಅರ್ಧ ಸ್ನಾನಕ್ಕೇ ಮುಗಿಯುತ್ತಿತ್ತು. ಸೋಲಾರಿನ ಮಾತು ಈ ಮಂಜಿನ ಊರಿನಲ್ಲಿ ಬೇಡ. ಗ್ಯಾಸಿನ ಮೇಲೆ ನೀರು ಕಾಯಿಸಿ ಅಂಗಳ ದಾಟಿ ಹೊರೋಣವೆಂದರೆ ಒಮ್ಮೆ ಮುರಿದು ಕೂಡಿದ ನನ್ನ ಬಲಗೈ ಮಣಿಕಟ್ಟು ಒಂದು ಕೊಡವನ್ನೂ ತಾಳುವುದಿಲ್ಲ. ಹಾಗಾಗಿ ಹೀಟ್ ಪಂಪ್ ತರಿಸಿದೆ. ಹೊರಗೆ ಫ್ಯಾನಿರುವ ಒಂದು ಪೆಟ್ಟಿಗೆ, ಒಳಗೆ ದೊಡ್ಡ ನೀರಿನ ಟ್ಯಾಂಕು. ಪೆಟ್ಟಿಗೆ ಹೊರಗಿನ ಗಾಳಿಯಲ್ಲಿರುವ ಅಷ್ಟಿಷ್ಟು ಬಿಸಿಯನ್ನು ಎಳೆದು ನೀರಿಗೆ ಕೊಡುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ. ಅಕ್ಕ ಆಸ್ಪತ್ರೆಯಿಂದ ಬರುವ ದಿನವೇ ಬಿಸಿನೀರು ಸಿದ್ಧವಿರಬೇಕೆಂದು ನಾನು ನಿಶ್ಚಯಿಸಿದ್ದೆ.

ಪೆಟ್ಟಿಗೆ ಎಲ್ಲಿ ಕೂರಬೇಕೆಂಬುದನ್ನೂ ನಿಶ್ಚಯಿಸಿದ್ದೆ: ಸೌದೆ ಕೊಟ್ಟಿಗೆಯೊಳಗೆ. ಮಳೆ ಬೀಳುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಫ್ರಿಜ್ಜಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿದರು.

"ನಿಮ್ಮ ಅಕ್ಕನ್ನ ಇದರೊಳಗೆ ಕೂರಿಸಿ ಬಾಗಿಲು ಹಾಕ್ತೀರಾ ಸಿಸ್ಟರೇ?"

"ಅದೆಂಥ ಮಾತು?"

"ಮತ್ತೆ ಇದನ್ನ ಯಾಕೆ ಕೂರಿಸ್ತೀರಿ? ಇದೂ ಉಸಿರಾಡೋದೇ. ಬಿಟ್ಟ ಗಾಳಿಯನ್ನೇ ಮತ್ತೆ ಎಳೆದ್ರೆ ಒಳಗೆಲ್ಲ ಐಸ್ ಕಟ್ಟಿ ಕೂತ್ಕೊಳ್ತದೆ. ಆಮೇಲೆ ಫ್ರಿಜ್ಜಮ್ಮ ಸರಿ ಇಲ್ಲ ಅಂತ ಊರೆಲ್ಲ ಹೇಳ್ತೀರಿ."

ಆಮೇಲೆ ಮನೆಯ ಸುತ್ತ ಎರಡು ಸುತ್ತು ಹಾಕಿದರು. ಹೆಂಚಿನ ಅಂಚಿನ ಕೆಳಗೆ ಬೇಡ, ಮಳೆಗಾಲದಲ್ಲಿ ಸೂರಿನ ನೀರು ನೇರ ಫ್ಯಾನಿನ ಮೇಲೆ. ಹಲಸಿನ ಮರದ ಕೆಳಗೆ ಬೇಡ, ಎಲೆ ತುಂಬುತ್ತದೆ, ಹಣ್ಣು ಬಿದ್ದರೆ ಪೆಟ್ಟಿಗೆಯೇ ಹೋಯಿತು. ಅಕ್ಕನ ಕಿಟಕಿಯ ಪಕ್ಕ ಬೇಡ, ಸದ್ದಿಗೆ ನಿದ್ದೆ ಬರುವುದಿಲ್ಲ. ಕೊನೆಗೆ ಬಚ್ಚಲಿನ ಪೂರ್ವದ ಗೋಡೆಯಾಚೆ, ನನ್ನ ಗುಲಾಬಿ ಪಾತಿಯ ಮಧ್ಯೆ ನಿಂತು, "ಇಲ್ಲಿ" ಎಂದರು. ನಾನು ಬಾಯಿ ತೆರೆಯುವುದರೊಳಗೆ ಒಂದು ಗಿಡ ಅವರ ಬೂಟಿನಡಿ ಆಗಿತ್ತು. ಮೊಣಕಾಲೆತ್ತರದ ಕಾಂಕ್ರೀಟು ಕಟ್ಟೆ ಕಟ್ಟಿಸಿದರು. ಗೋಡೆಗೂ ಪೆಟ್ಟಿಗೆಗೂ ನಡುವೆ ಒಂದು ಮೊಳ ಜಾಗ, ಮುಂದೆ ಪೂರ್ತಿ ಬಯಲು. ಪೆಟ್ಟಿಗೆಯ ಅಡಿಯಿಂದ ಇಳಿಯುವ ನೀರಿಗೆ ಒಂದು ಪೈಪು, ಆ ಪೈಪು ಬಚ್ಚಲ ಮೆಟ್ಟಿಲ ಕಡೆ ಹೋಗದಂತೆ ತೋಟದ ಕಡೆಗೆ ಇಳಿಜಾರು. "ಮೆಟ್ಟಿಲು ಒದ್ದೆ ಆಗಿ ಪಾಚಿ ಕಟ್ಟಿದ್ರೆ ಮೊದ್ಲು ಜಾರೋದು ನೀವೇ" ಎಂದರು. ಮಾತು ಒರಟು. ಕೆಲಸದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಅವರ ವ್ಯಾನಿನ ಒಳಗೆ ನೋಡಿದರೆ ನನಗೆ ತಲೆ ತಿರುಗುತ್ತಿತ್ತು. ಹಳೆಯ ಕಂಪ್ರೆಸರು, ಹರಿದ ಗೋಣಿ, ಅರ್ಧ ತಿಂದ ಬಾಳೆಹಣ್ಣು, ಎಲ್ಲ ಒಂದೇ ರಾಶಿ. ಆದರೆ ಕರೆಂಟಿನ ಕೆಲಸಕ್ಕೆ ಕೂತಾಗ ಅವರ ಕೈಗಳು ಬೇರೆ ಯಾರದೋ ಆಗಿಬಿಡುತ್ತಿದ್ದವು. ಮೇನ್ ಆಫ್ ಮಾಡಿ, ಆ ಸ್ವಿಚ್ಚಿಗೆ ಕೆಂಪು ಬಟ್ಟೆ ಕಟ್ಟಿ, ಯಾರೂ ಮುಟ್ಟಬೇಡಿ ಎಂದು ಮನೆಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಆಮೇಲೆ ಟೆಸ್ಟರನ್ನು ಮೊದಲು ಮೇನ್ ಸ್ವಿಚ್ಚಿನ ಆಚೆ, ಇನ್ನೂ ಕರೆಂಟಿರುವ ಕಡೆ ಹಿಡಿದು ಅದು ಉರಿಯುತ್ತದೆಯೇ ಎಂದು ನೋಡಿ, ಅನಂತರ ಪೆಟ್ಟಿಗೆಯ ತಂತಿಗೆ ಹಿಡಿದು, ಮತ್ತೆ ಮೊದಲಿನ ಕಡೆಗೇ ಹೋಗಿ ನೋಡುತ್ತಿದ್ದರು. ಟೆಸ್ಟರೇ ಕೆಟ್ಟು ಸುಳ್ಳು ಹೇಳಿರಬಾರದಲ್ಲ.

"ಸತ್ತಿದೆ ಅಂತ ಯಾರೋ ಹೇಳಿದ್ರೆ ನಂಬ್ತೀರಾ ಸಿಸ್ಟರೇ? ನಾಡಿ ನೋಡಲ್ವಾ?"

ಆಪರೇಷನ್ ಆದ ಮೇಲೆ ಹೊಟ್ಟೆ ಹೊಲಿಯುವ ಮೊದಲು ಬಟ್ಟೆ ತುಂಡುಗಳನ್ನು ಎಣಿಸುವ ನಮ್ಮ ಶಿಸ್ತು ನೆನಪಾಯಿತು. ಅಂದಿನಿಂದ ಅವರು ತಡವಾಗಿ ಬಂದರೆ ಬೈಯುವುದನ್ನು ಕಡಿಮೆ ಮಾಡಿದೆ. ಪೂರ್ತಿ ಬಿಡಲಿಲ್ಲ.

ಅಕ್ಕ ಬರುವ ದಿನ ಬಂತು. ಪೆಟ್ಟಿಗೆ ಕೂತಿತ್ತು, ಟ್ಯಾಂಕು ತುಂಬಿತ್ತು, ಪ್ರತ್ಯೇಕ ತಂತಿ ಎಳೆದು ಅದಕ್ಕೇ ಬೇರೆ ಫ್ಯೂಸೂ ಆಗಿತ್ತು. ಸ್ವಿಚ್ ಹಾಕುವುದೊಂದು ಬಾಕಿ. ಫ್ರಿಜ್ಜಮ್ಮ ಅರ್ತಿಂಗ್ ನೋಡುವ ಮೀಟರು ಹಿಡಿದು ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತರು. ಮತ್ತೆ ಎದ್ದು ಮನೆಯ ಹಿಂದೆ ಹೋಗಿ, ಅರ್ತಿನ ತಂತಿಯ ಜಾಡು ಹಿಡಿದು ಬಾವಿಕಟ್ಟೆಯ ತನಕ ನಡೆದು, ವಾಪಸು ಬಂದರು.

"ಇದನ್ನ ಹಾಕಲ್ಲ" ಎಂದರು.

ವಿಷಯ ಇಷ್ಟು. ಈ ಮನೆ ಕಟ್ಟಿದವರು ಅರ್ತಿನ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಬಿಗಿದಿದ್ದರು. ಪೈಪು ಮಣ್ಣಿನಲ್ಲಿತ್ತು, ಆ ಕಾಲಕ್ಕೆ ಕೆಲಸ ನಡೆಯಿತು. ನಾನು ಮನೆ ಕೊಳ್ಳುವ ಮೊದಲೇ ಯಾರೋ ತುಕ್ಕು ಹಿಡಿದ ಪೈಪು ತೆಗೆದು ಪ್ಲಾಸ್ಟಿಕ್ ಹಾಕಿಸಿದ್ದರು. ಕಬ್ಬಿಣದ ಒಂದು ಗೇಣು ತುಂಡು ಮಾತ್ರ ಗೋಡೆಯಲ್ಲಿ ಉಳಿದು, ಅದಕ್ಕೆ ತಂತಿ ಅಚ್ಚುಕಟ್ಟಾಗಿ ಸುತ್ತಿಕೊಂಡಿತ್ತು. ಅಲ್ಲಿಂದ ಮುಂದೆ ಮಣ್ಣಿಗೆ ದಾರಿ ಇರಲಿಲ್ಲ.

"ಸಾಯಂಕಾಲ ಅಕ್ಕ ಬರ್ತಾಳೆ. ಬಿಸಿನೀರು ಬೇಕೇ ಬೇಕು" ಎಂದೆ.

"ಗೊತ್ತು."

"ಇಷ್ಟು ವರ್ಷ ಈ ಮನೆಯಲ್ಲಿ ಏನೂ ಆಗಿಲ್ಲ."

"ಇಷ್ಟು ವರ್ಷ ನಾನು ನೋಡಿರಲಿಲ್ಲ. ಈಗ ನೋಡಿ ಆಯ್ತಲ್ಲ." ಅವರು ಮೀಟರನ್ನು ಚೀಲಕ್ಕೆ ಹಾಕಿದರು. "ಕೇಳಿ ಸಿಸ್ಟರೇ. ಒಳಗೆ ಒಂದು ತಂತಿ ಸಿಪ್ಪೆ ಬಿಟ್ಟುಕೊಂಡ್ರೆ ಕರೆಂಟು ಮಣ್ಣಿಗೆ ಹೋಗ್ಬೇಕು. ನಿಮ್ಮ ಮನೇಲಿ ದಾರಿ ಇಲ್ಲ. ದಾರಿ ಇಲ್ಲದಿದ್ರೆ ಅದು ಸುಮ್ನೆ ಕೂರ್ತದಾ? ಒದ್ದೆ ಕಾಲಲ್ಲಿ ನಲ್ಲಿ ಹಿಡಿದು ನಿಂತಿರ್ತಾರಲ್ಲ ನಿಮ್ಮ ಅಕ್ಕ, ಅವರೇ ದಾರಿ."

ನನಗೆ ಸಿಟ್ಟು ಬಂದಿತ್ತು. ಬೇರೆ ಮೆಕ್ಯಾನಿಕನ್ನು ಕರೆಸುತ್ತೇನೆ ಎಂದೆ.

"ಕರೆಸಿ. ಫ್ಯೂಸು ನನ್ನ ಹತ್ರ ಇರ್ತದೆ." ಹೀಟ್ ಪಂಪಿನ ಫ್ಯೂಸು, ಜೊತೆಗೆ ಗೀಸರಿನ ಫ್ಯೂಸು ಎರಡನ್ನೂ ಕಿತ್ತು ಓಲೆಯಿದ್ದ ಜೇಬಿಗೆ ಹಾಕಿಕೊಂಡರು. "ಗುಂಡಿ ತೋಡಿ, ತಾಮ್ರದ ಪ್ಲೇಟು, ಇದ್ದಿಲು, ಉಪ್ಪು ಹಾಕಿ ಹೊಸ ಅರ್ತ್ ಮಾಡ್ಬೇಕು. ಈಗ ಎಲ್ಲಾರೂ ಕಾಫಿ ಪಿಕ್ಕಿಂಗಿಗೆ ಹೋಗ್ತಾರೆ, ತೋಡೋರು ಸಿಗಲ್ಲ. ಸಿಕ್ಕಿದ ದಿನ ಮಾಡುವ."

ವ್ಯಾನು ಹೋಯಿತು. ನಾನು ಅಂಗಳದಲ್ಲಿ ನಿಂತಿದ್ದೆ. ಅಂದು ಸಂಜೆ ಅಕ್ಕನಿಗೆ ಮೈ ಒರೆಸಿ ಮಲಗಿಸಿದೆ. ಬೆಳಿಗ್ಗೆ ಹಂಡೆಯ ಒಲೆ ಹಚ್ಚುವುದೇ, ಬೇಡವೇ ಎಂಬ ಯೋಚನೆಯಲ್ಲೇ ಎದ್ದೆ. ಸೌದೆಯನ್ನೂ ಕೈಗೆ ತೆಗೆದುಕೊಂಡಿದ್ದೆ.

ಆಗ ಗೇಟಿನ ಬಳಿ ಕೂಗು. "ಸಿಸ್ಟರೇ, ಬಕೆಟ್ ತನ್ನಿ!"

ಬರುತ್ತೇನೆಂದ ಹೊತ್ತಿಗೆ ಎಂದೂ ಬಾರದವರು ಮಂಜು ಕರಗುವ ಮೊದಲೇ ಬಂದು ನಿಂತಿದ್ದರು. ವ್ಯಾನಿನ ಹಿಂದೆ ಗೋಣಿ, ಕಂಬಳಿ ಸುತ್ತಿದ ಎರಡು ಹಾಲಿನ ಕ್ಯಾನು. ಮುಚ್ಚಳ ತೆಗೆದರೆ ಹಬೆ ಮುಖಕ್ಕೆ ಹೊಡೆಯಿತು.

"ಇದೆಲ್ಲಿಂದ?"

"ನಮ್ಮ ಮನೆಯಿಂದ. ಹೀಟ್ ಪಂಪ್ ಮಾರೋಳ ಮನೇಲಿ ಬಿಸಿನೀರಿಗೆ ಬರವಾ? ಟ್ಯಾಂಕಲ್ಲಿ ಸುಮ್ನೆ ಕೂತಿತ್ತು." ಎರಡು ಕ್ಯಾನನ್ನೂ ತಾವೇ ಹೊತ್ತು ಬಚ್ಚಲಿಗೆ ನಡೆದರು. ನಾನು ಕೈ ಚಾಚಿದರೆ, "ನಿಮ್ಮ ಕೈ ಮುರಿದ ಕೈ, ದೂರ ಹೋಗಿ" ಎಂದು ಗದರಿದರು. "ಬೇಡ ಅಂದವಳು ನಾನು. ಹೊರಬೇಕಾದವಳೂ ನಾನೇ."

ಗುಂಡಿ ತೋಡುವವರು ಸಿಗುವವರೆಗೂ ಇದು ನಡೆಯಿತು. ಒಂದು ಬೆಳಿಗ್ಗೆಯೂ ತಪ್ಪಲಿಲ್ಲ, ಒಂದು ಬೆಳಿಗ್ಗೆಯೂ ತಡವಾಗಲಿಲ್ಲ. ಅಕ್ಕನಿಗೂ ಅವರಿಗೂ ಅಲ್ಲಿಯೇ ಗೆಳೆತನ ಕುದುರಿತು. ಫ್ರಿಜ್ಜಮ್ಮನ ತವರು ಕರಿಕೆಯಿಂದ ಗಡಿ ದಾಟಿದ ಕೂಡಲೆ ಸಿಗುವ ಊರು. ಅಕ್ಕನಿಗೆ ಮಲಯಾಳ ಚೆನ್ನಾಗಿ ಬರುತ್ತಿತ್ತು. "ಚೇಚೀ", ಅಂದರೆ ಅಕ್ಕಾ, ಎಂದು ಕರೆಯುತ್ತ ಅಕ್ಕನ ಮಂಚದ ಬುಡದಲ್ಲೇ ಕೂತು ನನ್ನ ಅಕ್ಕಿರೊಟ್ಟಿಗಳನ್ನು ಖಾಲಿ ಮಾಡುತ್ತಿದ್ದರು. ಆ ನೀರಿನಲ್ಲಿ ಮೊದಲ ಸಲ ಮಿಂದು ಬಂದ ಅಕ್ಕ ಒದ್ದೆ ಕೂದಲು ಹರಡಿಕೊಂಡು, ನಮ್ಮ ಮನೆಮಾತು ಅರೆಭಾಷೆಯಲ್ಲಿ, "ನೀರಿಗೆ ಹೊಗೆ ವಾಸ್ನೆ ಉಟ್ಟು" ಎಂದಳು. ಉಂಟು ಎನ್ನುವುದಕ್ಕೆ ನಾವು ಉಟ್ಟು ಎನ್ನುತ್ತೇವೆ. ಹಳೆಯ ಗೋಣಿಯದೋ ಕ್ಯಾನಿನದೋ ವಾಸನೆ ಇರಬೇಕು ಎಂದೆ. ಅಕ್ಕ ನಕ್ಕಳು.

ಕೊನೆಗೆ ಒಂದು ಭಾನುವಾರ ಇಬ್ಬರು ಆಳು ಸಿಕ್ಕಿ ಗುಂಡಿಯಾಯಿತು. ನಡುವೆ ಬಂಡೆ ಸಿಕ್ಕಾಗ ಫ್ರಿಜ್ಜಮ್ಮನೇ ಹಾರೆ ಹಿಡಿದು ಇಳಿದರು. ಮೀಟರು ತೃಪ್ತಿಯಾಗುವಂತೆ ತೋರಿಸಿದ ಮೇಲೆ ಜೇಬಿನಿಂದ ಫ್ಯೂಸು ಹೊರಬಂತು. ಪೆಟ್ಟಿಗೆ ಗುಂಯ್ ಎಂದು ಶುರುವಾಯಿತು. ನಾನು ಕೊಟ್ಟ ಕಾಫಿಯ ಲೋಟವನ್ನು ಅವರು ಕುಡಿಯಲಿಲ್ಲ, ಪೆಟ್ಟಿಗೆಯ ತಲೆಯ ಮೇಲೆ ಇಟ್ಟರು. ಬಗ್ಗಿ, ಕಣ್ಣನ್ನು ಲೋಟದ ಮಟ್ಟಕ್ಕೆ ತಂದು ನೋಡಿದರು. ಕಾಫಿಯ ಮೇಲೆ ಸಣ್ಣ ಸಣ್ಣ ಬಳೆಗಳಂಥ ಅಲೆ ಎದ್ದಿದ್ದವು. ಪೆಟ್ಟಿಗೆ ನಿಲ್ಲಿಸಿ, ಒಂದು ಮೂಲೆಯ ರಬ್ಬರು ಬದಲಿಸಿ, ಬೋಲ್ಟು ಬಿಗಿದು, ಮತ್ತೆ ಶುರು ಮಾಡಿ, ಮತ್ತೆ ಲೋಟ. ಈ ಸಲ ಕಾಫಿ ಕನ್ನಡಿಯ ಹಾಗೆ ನಿಂತಿತು.

"ಕಾಫಿ ನಡುಗಬಾರದು. ಇಂದು ಕಾಫಿ ನಡುಗಿದ್ರೆ ನಾಳೆ ಪೈಪು ಒಡೀತದೆ" ಎಂದು, ತಣ್ಣಗಾದದ್ದನ್ನು ಒಂದೇ ಗುಟುಕಿಗೆ ಕುಡಿದರು.

ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಒಮ್ಮೆ ಅವರ ಕೈಗೆ ಸಿಕ್ಕಿಬಿದ್ದದ್ದನ್ನು ಹೇಳಲೇಬೇಕು. ರೈಟರಿಗೆ ತಮ್ಮ ಅಂಗಳಕ್ಕೆ ಬಿಸಿಲು ಸಾಲದು. ಹೀಟ್ ಪಂಪ್ ಎಂದ ಮೇಲೆ ಬಿಸಿಗಾಳಿಯೇ ಬರುತ್ತದೆಂದು ಎಣಿಸಿ, ನಾನು ಪೇಟೆಗೆ ಹೋದ ದಿನ ಅಕ್ಕನ ಒಪ್ಪಿಗೆ ಪಡೆದು ಫ್ಯಾನಿನ ಮುಂದೆ ಚಾಪೆ ಹಾಸಿ ಹಸಿ ಕರಿಮೆಣಸು ಹರಡಿದ್ದರು. ನಾನು ವಾಪಸು ಬಂದಾಗ ಫ್ರಿಜ್ಜಮ್ಮ ಚಾಪೆಯ ಪಕ್ಕ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದರು.

"ರೈಟ್ರೇ, ಇದು ಕಳ್ಳ. ಹೊರಗಿನ ಬಿಸಿಯನ್ನ ಕದ್ದು ಒಳಗೆ ಸಾಗಿಸ್ತದೆ. ಕದ್ದ ಮೇಲೆ ಉಳಿಯೋದು ಎಂಥದ್ದು? ಚಳಿ! ಮುಟ್ಟಿ ನೋಡಿ ನಿಮ್ಮ ಮೆಣಸು, ಐಸ್‌ಕ್ರೀಮಿನ ಹಾಗೆ ಆಗಿದೆ."

"ಹೆಸರಲ್ಲೇ ಹೀಟು ಇದೆಯಲ್ಲ ಮಾರಾಯ್ತಿ" ಎಂದರು ರೈಟರು.

"ನಿಮ್ಮನ್ನ ರೈಟರ್ ಅಂತಾರೆ, ನೀವೇನು ಕತೆ ಬರೀತೀರಾ?"

ರೈಟರು ಕೂಡ ನಕ್ಕುಬಿಟ್ಟರು. ಮೆಣಸನ್ನು ಗೋಣಿಗೆ ತುಂಬಿ, ವ್ಯಾನಿನಲ್ಲಿ ಹೇರಿಕೊಂಡು, ಬಿಸಿಲು ಬೀಳುವ ಕಣಕ್ಕೆ ತಲುಪಿಸಿದ್ದೂ ಫ್ರಿಜ್ಜಮ್ಮನೇ.

ನನ್ನ ಅಕ್ಕನೂ ತಪ್ಪು ಮಾಡಿದಳು. ಮೊದಲ ಮಳೆಗಾಲದಲ್ಲಿ ಪೆಟ್ಟಿಗೆ ನೆನೆಯುತ್ತದಲ್ಲ ಎಂದು ಮರುಗಿ, ಮಳೆ ಬಂದರೆ ಸ್ಕೂಟರಿಗೂ ಸೌದೆಗೂ ಹೊದೆಸುವ ಹಾಗೆ ಅದಕ್ಕೂ ಪ್ಲಾಸ್ಟಿಕ್ ಹೊದೆಸಿ ಹಗ್ಗ ಬಿಗಿದಳು. ಪೆಟ್ಟಿಗೆ ಮುಲುಗಿ ನಿಂತೇ ಹೋಯಿತು. ನಾನಾದರೆ ಬೈಯುತ್ತಿದ್ದೆ. ಫ್ರಿಜ್ಜಮ್ಮ ಆ ಪ್ಲಾಸ್ಟಿಕ್ಕನ್ನು ಬಿಚ್ಚಿ, ಮಡಚಿ, ಅಕ್ಕನ ಕೈಗೆ ಕೊಟ್ಟು, ಮಲಯಾಳದಲ್ಲಿ ಏನೋ ಹೇಳಿದರು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಏನೆಂದು ಇಬ್ಬರೂ ನನಗೆ ಹೇಳಲಿಲ್ಲ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಬಂದು ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನೋಡುತ್ತಿದ್ದರು. ಉಳಿದ ದಿನಗಳ ಕೆಲಸವನ್ನು ನನಗೆ ಒಪ್ಪಿಸಿದ್ದರು, ಅದೊಂದನ್ನು ಅವರು ಸರಿಯಾದವರಿಗೇ ಒಪ್ಪಿಸಿದರು. ಭಾನುವಾರ ಬೆಳಿಗ್ಗೆ ತಿಂಡಿಗೆ ಮೊದಲು ಮೇನ್ ಆಫ್, ಕೆಂಪು ಬಟ್ಟೆ, ಎಲೆ ಮತ್ತು ಜೇಡರ ಬಲೆ ತೆಗೆಯುವುದು, ಹಿಂದಿನ ತಗಡಿನ ಎಳೆಗಳನ್ನು ಮೆತ್ತನೆ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಉಜ್ಜುವುದು, ಅಡಿಯಲ್ಲಿ ಎಣ್ಣೆಯ ಕಲೆ ಇದೆಯೇ ಎಂದು ಬಗ್ಗಿ ನೋಡುವುದು. ಜೀಪು ತೊಳೆಯುವ ಜೋರಿನ ನೀರು ಬಿಡಬಾರದು. ಬೇಸಿಗೆಯಲ್ಲಿ ಅರ್ತಿನ ಗುಂಡಿಗೆ ನೀರು ಹನಿಸಬೇಕು. ಮುಚ್ಚಳ ಮಾತ್ರ ಎಂದೂ ಬಿಚ್ಚಬಾರದು. "ಇಂಜೆಕ್ಷನ್ ನೀವು ಕೊಡಿ, ಆಪರೇಷನ್ ನನಗೆ ಬಿಡಿ" ಎಂದಿದ್ದರು. ಕೊನೆಯಲ್ಲಿ ಲೋಟದ ಕಾಫಿ ಇಟ್ಟು ನೋಡುತ್ತೇನೆ. ಇದನ್ನು ಅವರು ಹೇಳಿಕೊಟ್ಟದ್ದಲ್ಲ.

ಅವರ ಗಂಡ ಶಾಕ್ ಹೊಡೆದು ಸತ್ತರು, ಅದಕ್ಕೇ ಅರ್ತಿಂಗ್ ಎಂದರೆ ಅಷ್ಟು ಹಠ ಎಂದು ಪೇಟೆಯಲ್ಲಿ ಒಂದು ಸುದ್ದಿ ಇತ್ತು. ನಾನೂ ನಂಬಿದ್ದೆ. ಒಮ್ಮೆ ಮೆಲ್ಲನೆ ಕೇಳಿದೆ. ಅವರು ಊಟದ ಡಬ್ಬಿ ತೆರೆದು ನನ್ನ ಮೂಗಿನ ಬಳಿ ಹಿಡಿದರು. ಮೀನಿನ ಸಾರು ಘಮ್ಮೆಂದಿತು. "ಸತ್ತೋರು ಹೀಗೆ ಅಡುಗೆ ಮಾಡ್ತಾರಾ ಸಿಸ್ಟರೇ? ಅಂಗಡಿ ಶುರು ಮಾಡಿದ್ದು ಅವರೇ. ಏಣಿ ಹತ್ತಿದ್ರೆ ತಲೆ ಸುತ್ತು, ಗಿರಾಕಿ ಜೋರು ಮಾಡಿದ್ರೆ ಅಳು. ನಾನು ಏಣಿ ಹತ್ತಿದೆ, ಅವರು ಒಲೆ ಹಿಡಿದ್ರು." ಮತ್ತೆ ಅರ್ತಿಂಗಿನ ಹಠ? "ಗೊತ್ತಿದ್ದೂ ಸ್ವಿಚ್ ಹಾಕಿದ್ರೆ ನನಗೆ ನಿದ್ದೆ ಬರಲ್ಲ. ಅಷ್ಟೇ."

ಆ ಗಂಡನನ್ನು ನಾನು ಕಂಡದ್ದು ಕಳೆದ ತಿಂಗಳು, ಅವರು ಹೋದ ಮರುದಿನ. ಸಣ್ಣ ಮೈಕಟ್ಟಿನ ಮನುಷ್ಯ. ಮನೆ ತುಂಬ ಜನ, ಹೆಚ್ಚಿನವರ ಮನೆಯ ಫ್ರಿಜ್ಜೋ ಪಂಪೋ ಅವರ ಕೈದಾಟಿ ಬಂದದ್ದೇ. ಹೊರಡುವಾಗ ಕಾಲು ತೊಳೆಯಲು ಮನೆಯ ಹಿಂದಕ್ಕೆ ಹೋದೆ. ಬಚ್ಚಲ ಪಕ್ಕದಲ್ಲಿ ಹೀಟ್ ಪಂಪ್ ಇರಬೇಕೆಂದು ಕಣ್ಣು ತಾನಾಗಿ ಹುಡುಕಿತು. ಇರಲಿಲ್ಲ. ಮಸಿ ಹಿಡಿದ ಒಂದು ದೊಡ್ಡ ತಾಮ್ರದ ಹಂಡೆ, ಅದರ ಕೆಳಗೆ ಬೂದಿ, ಪಕ್ಕದಲ್ಲಿ ಸೀಳಿ ಪೇರಿಸಿದ ಕಾಫಿ ಗಿಡದ ಸೌದೆ. ಗೋಡೆಗೆ ಬೋರಲು ಹಾಕಿದ ಎರಡು ಹಾಲಿನ ಕ್ಯಾನು.

ಗಂಡ ನನ್ನ ಹಿಂದೆಯೇ ಬಂದು ನಿಂತಿದ್ದರು.

"ನಿಮ್ಮಲ್ಲಿ ಪಂಪ್ ಇಲ್ವಾ?" ಎಂದೆ.

"ಇಲ್ಲ ಸಿಸ್ಟರ್. ಊರಿಗೆಲ್ಲ ಹಾಕಿದ್ಲು, ಇಲ್ಲಿಗೆ ಬೇಡ ಅಂದ್ಲು. ಹೊಗೆ ವಾಸನೆ ಇಲ್ಲದ ನೀರು ಆಸ್ಪತ್ರೆ ನೀರು ಅಂತಿದ್ಲು." ನಗಲು ಹೋಗಿ ಅವರಿಗೆ ಆಗಲಿಲ್ಲ. "ನಿಮ್ಮ ಮನೆಗೆ ನೀರು ತರ್ತಿದ್ಲಲ್ಲ, ಆವಾಗ ನಾನು ಒಲೆ ಹಚ್ತೇನೆ, ನೀನು ಸ್ವಲ್ಪ ಮಲಗು ಅಂದ್ರೆ ಬಿಡ್ಲಿಲ್ಲ. ಕತ್ತಲೆ ಇರುವಾಗ್ಲೇ ಎದ್ದು ತಾನೇ ಊದ್ತಾ ಕೂರ್ತಿದ್ಲು. ಕಣ್ಣೆಲ್ಲ ಕೆಂಪು."

ನಾನು ಕಾಲು ತೊಳೆದುಕೊಂಡು ಬಂದೆ.

ಸಾವಿನ ಮನೆಗೆ ಹೋಗಿ ಬಂದವರು ಮಿಂದೇ ಒಳಗೆ ಬರಬೇಕು. ಅಕ್ಕ ಜಗಲಿಯಲ್ಲಿ ಟವೆಲು, ಸೀರೆ ಹಿಡಿದು ನಿಂತಿದ್ದಳು. ವರ್ಷಗಳಿಂದ ಬೆಳಿಗ್ಗೆ ಎದ್ದ ಕೂಡಲೆ ಅವಳ ಮೊದಲ ಮಾತು, "ಬಿಸಿನೀರ್ ಉಟ್ಟಾ?" ಅದಕ್ಕೆ ಉತ್ತರ ಕೊಡುವುದು ನನ್ನ ದಿನದ ಮೊದಲ ಕೆಲಸ. ಆ ಚಳಿಗಾಲದ ಅನಂತರ ಅವಳು ಒಮ್ಮೆಯೂ ಆಸ್ಪತ್ರೆ ಸೇರಿಲ್ಲ.

ನಾನು ಮೆಟ್ಟಿಲ ಕೆಳಗೇ ನಿಂತು ಹಂಡೆಯ ವಿಷಯ ಹೇಳಿದೆ. ಅಂದು ಅವರು ತಂದದ್ದು ಸೌದೆಯ ನೀರು ಎಂದೆ.

"ನಂಗೆ ಗೊತ್ತಿತ್" ಎಂದಳು ಅಕ್ಕ. "ಇಡೀ ಜನ್ಮ ಆ ವಾಸ್ನೆಲೇ ಮಿಂದವ್ಳ್ ನಾ. ಗೊತ್ತಾಗದಾ?"

"ಮತ್ತೆ ಹೇಳಲಿಲ್ಲ ಯಾಕೆ?"

"ಹೇಳಿದ್ದರೆ ನೀ ಬೇಡ ಹೇಳ್ತಿದ್ದೆ. ಅವ್ಳಿಗೆ ಬೇಜಾರಾಗ್ತಿತ್."

ಗೋಡೆಯಾಚೆ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ನಾನು ಇನ್ನೂ ಅಲ್ಲಿಯೇ ನಿಂತಿದ್ದೆ. ಅಕ್ಕ ಬಾಗಿ ಟವೆಲನ್ನು ನನ್ನ ಹೆಗಲಿಗೆ ಹಾಕಿದಳು.

"ಹೋಗ್, ಮಿಂದ್ ಬಾ. ಬಿಸಿನೀರ್ ಉಟ್ಟು."